ಎರಡು ಗೆರೆ ಬಂದರೆ ಎದೆಗುಂದಬೇಡಿ

(ಮಹಿಳಾ ಸಂಘದ ಸಭೆಯಲ್ಲಿ ಹಿರಿಯ ಆರೋಗ್ಯ ಸಹಾಯಕಿ ಒಬ್ಬರು ಆಡಿದ ಮಾತು)



ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ. ಚಾಪೆ ಇದೆ, ಕೂತುಕೊಳ್ಳಿ. ಮಕ್ಕಳು ಅತ್ತರೆ ಅಳಲಿ. ಅದಕ್ಕೆ ನಾಚಿಕೊಳ್ಳಬೇಡಿ.

ಹೋದ ಸಲ ನಾನು ಬಂದಾಗ ಇಲ್ಲಿ ಪಾಠ ನಡೀತಿತ್ತು. ಒಬ್ಬ ಅಕ್ಕ ಎದ್ದು ನಿಂತು ಹೇಳಿದರು. "ಸಿಸ್ಟರ್, ಈಗ ನಾನು ಬಸ್ಸಿನ ಬೋರ್ಡು ಓದ್ತೀನಿ. ಯಾರನ್ನೂ ಕೇಳಲ್ಲ. ಒಬ್ಬಳೇ ತಾಲೂಕಿಗೆ ಹೋಗಿ ಬಂದೆ." ಆ ಮಾತು ಕೇಳಿ ನನಗೆ ತುಂಬಾ ಖುಷಿ ಆಯಿತು.

ಇವತ್ತು ನಾನು ಇನ್ನೊಂದು ಓದು ಹೇಳಿಕೊಡ್ತೀನಿ. ಇದರಲ್ಲಿ ಅಕ್ಷರ ಕಡಿಮೆ. ಬರೀ ಗೆರೆ. ಆದರೆ ಈ ಗೆರೆಯನ್ನ ತಪ್ಪಾಗಿ ಓದಿದರೆ ಜೀವಕ್ಕೆ ಕುತ್ತು. ಸರಿಯಾಗಿ ಓದಿದರೆ ಜೀವ ಉಳಿಯುತ್ತೆ.

ಮೊದಲು ಒಂದು ನಡೆದ ಕಥೆ ಹೇಳ್ತೀನಿ.

ಬಾವಿಕಟ್ಟೆಯ ಹೆಣ್ಣುಮಗಳು

ಒಂದು ಊರು. ಊರಿನ ಹೆಸರು ಬೇಡ. ಆ ಊರಲ್ಲಿ ಒಬ್ಬ ಹೆಣ್ಣುಮಗಳು. ಅವಳ ಹೆಸರೂ ಬೇಡ. ಯಾಕೆ ಬೇಡ ಅನ್ನೋದನ್ನ ಆಮೇಲೆ ಹೇಳ್ತೀನಿ.

ಅವಳ ಗಂಡ ದುಡಿಯೋಕೆ ದೂರದ ಪಟ್ಟಣಕ್ಕೆ ಹೋಗ್ತಿದ್ದ. ಆರು ತಿಂಗಳಿಗೊಮ್ಮೆ ಊರಿಗೆ ಬರ್ತಿದ್ದ. ಒಂದು ಸಲ ಬಂದಾಗ ತೀರಾ ಸೊರಗಿದ್ದ. ಸಂಜೆ ಆದರೆ ಜ್ವರ. ಕೆಮ್ಮು ಬೇರೆ. "ಏನಾಗಿದೆ?" ಅಂತ ಕೇಳಿದರೆ ಸಿಡುಕುತ್ತಿದ್ದ.

ಅವಳಿಗೆ ಅನುಮಾನ ಬಂತು. ಪೇಟೆಯಲ್ಲಿ ಕೆಲಸ ಮಾಡುವ ತಂಗಿಗೆ ಫೋನ್ ಮಾಡಿದಳು. ಹೇಳಿ ಅತ್ತಳು. ತಂಗಿ ಊರಿಗೆ ಬರುವಾಗ ಒಂದು ಪೊಟ್ಟಣ ತಂದಳು. ಅದು ಎಚ್.ಐ.ವಿ. ಪರೀಕ್ಷೆಯ ಪೊಟ್ಟಣ. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲು ಹಾಕಿದಳು. ಬೆರಳಿಗೆ ಚುಚ್ಚಿದಳು. ಒಂದು ಹನಿ ರಕ್ತ ಹಾಕಿದಳು. ಕಾದಳು.

ಎರಡು ಗೆರೆ ಬಂತು.

ಆ ಪಟ್ಟಿಯನ್ನ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಅವತ್ತಿನಿಂದ ತನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡಳು. ಮಗುವನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳೋದು ಬಿಟ್ಟಳು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಊರಾಚೆಯ ಬಾವಿಕಟ್ಟೆಗೆ ಹೋಗಿ ಕೂತಳು.

ಆ ಊರಿನ ಆಶಾ ಕಾರ್ಯಕರ್ತೆ ಅದೇ ದಾರಿಯಲ್ಲಿ ಬಂದಳು. ಅವಳನ್ನ ನೋಡಿ ನಿಂತಳು. "ಯಾಕವ್ವ, ಬಿಂದಿಗೆ ಇಲ್ಲದೆ ಬಾವಿಗೆ ಬಂದಿದ್ದೀಯ?" ಅಂದಳು. ಅಷ್ಟೇ ಕೇಳಿದ್ದು. ಅವಳು ಗೊಳೋ ಅಂತ ಅತ್ತುಬಿಟ್ಟಳು.

ಆಶಾ ಅವಳನ್ನ ನನ್ನ ಹತ್ತಿರ ಕರಕೊಂಡು ಬಂದಳು. ಅವಳು ಕೇಳಿದ ಮೊದಲ ಮಾತು ಇದು. "ಸಿಸ್ಟರ್, ನಾನಿನ್ನು ಎಷ್ಟು ದಿನ ಬದುಕ್ತೀನಿ?"

ನಾನು ಹೇಳಿದೆ. "ಮೊದಲು ಈ ಟೀ ಕುಡಿ. ಆ ಎರಡು ಗೆರೆ ಕೊನೆಯ ಮಾತಲ್ಲ. ಅದು ಆಸ್ಪತ್ರೆಗೆ ಹೋಗು ಅಂತ ಹೇಳೋ ಮಾತು. ಸಾಯಿ ಅಂತ ಹೇಳೋ ಮಾತಲ್ಲ."

ಇವತ್ತು ನಿಮಗೂ ಇದನ್ನೇ ಹೇಳೋಕೆ ಬಂದಿದ್ದೀನಿ.

ಗೆರೆ ಓದುವ ಬಗೆ

ಈ ಪರೀಕ್ಷೆಯನ್ನ ಜನ ತಾವೇ ಮಾಡಿಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. ಸೋಂಕು ಇದೆ ಅಂತ ತೋರಿಸಿದರೆ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಈ ಎರಡನೇ ಮಾತನ್ನ ಯಾರೂ ಮರೆಯಬಾರದು.

ಪೊಟ್ಟಣ ಕೊಂಡೇ ತೀರಬೇಕು ಅಂತ ಏನೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ. ಆದರೂ ಕೆಲವರು ನಾಚಿಕೆಯಿಂದ, ಭಯದಿಂದ ಮನೆಯಲ್ಲೇ ಮಾಡಿಕೊಳ್ತಾರೆ. ಮಾಡಿಕೊಂಡವರನ್ನ ಬೈಯಬೇಡಿ. ತಿಳಿದುಕೊಳ್ಳೋಕೆ ಧೈರ್ಯ ಬೇಕು.

ಪೊಟ್ಟಣದಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತೆ. ಅದರಲ್ಲಿ ಒಂದು ಕಿಂಡಿ. ಕಿಂಡಿಯ ಪಕ್ಕ ಸಾಮಾನ್ಯವಾಗಿ ಎರಡು ಇಂಗ್ಲಿಷ್ ಅಕ್ಷರ. ಒಂದು 'ಸಿ'. ಅದು ಅರ್ಧ ಚಂದ್ರನ ಹಾಗೆ ಇರುತ್ತೆ. ಇನ್ನೊಂದು 'ಟಿ'. ಅದು ಕಂಬದ ಮೇಲೆ ಅಡ್ಡ ಕೋಲು ಇಟ್ಟ ಹಾಗೆ ಇರುತ್ತೆ.

'ಸಿ' ಹತ್ತಿರ ಬರುವ ಗೆರೆ ಕಾವಲುಗಾರ ಇದ್ದ ಹಾಗೆ. ಪರೀಕ್ಷೆ ಸರಿಯಾಗಿ ನಡೆದಿದೆ ಅಂತ ಅದು ಹೇಳುತ್ತೆ. 'ಟಿ' ಹತ್ತಿರ ಬರುವ ಗೆರೆ ನಮ್ಮ ರಕ್ತದ ಸುದ್ದಿ ಹೇಳುತ್ತೆ.

ಕೆಲವು ಪೊಟ್ಟಣದಲ್ಲಿ ಗೆರೆಯ ಬದಲು ಚುಕ್ಕೆ ಇರುತ್ತೆ. ಅದಕ್ಕೇ ಒಳಗಿರುವ ಚೀಟಿಯನ್ನ ಓದಬೇಕು. ಎಷ್ಟು ನಿಮಿಷ ಕಾಯಬೇಕು ಅಂತ ಅದರಲ್ಲಿ ಬರೆದಿರುತ್ತೆ. ಅಷ್ಟೇ ನಿಮಿಷ ಕಾಯಬೇಕು. ಬೇಗ ನೋಡಬಾರದು. ಮಾರನೆಯ ದಿನ ನೋಡಿಯೂ ಫಲ ಇಲ್ಲ. ಪೊಟ್ಟಣದ ಅವಧಿ ಮುಗಿದಿದೆಯಾ ಅಂತಲೂ ನೋಡಬೇಕು. ನಿಮಗೆ ಈಗ ಅಂಕಿ ಓದೋಕೆ ಬರುತ್ತೆ. ತಿಂಗಳು, ವರ್ಷ ನೀವೇ ಓದಬಹುದು.

ಚುಚ್ಚಿದ ಸೂಜಿಯನ್ನ ಇನ್ನೊಬ್ಬರು ಬಳಸಬಾರದು. ಬೀದಿಗೆ ಎಸೆಯಬಾರದು. ಮುಚ್ಚಳ ಇರುವ ಗಟ್ಟಿ ಡಬ್ಬಿಗೆ ಹಾಕಿ ಆಸ್ಪತ್ರೆಗೆ ತಂದುಕೊಡಿ.

ಈಗ ಪರೀಕ್ಷೆ ಆಯಿತು. ಮುಂದೇನು? ಮೂರು ದಾರಿ ಇದೆ. ಒಂದೊಂದಾಗಿ ನೋಡೋಣ.

'ಸಿ' ಹತ್ತಿರ ಗೆರೆ ಬರದಿದ್ದರೆ

ಕಾವಲುಗಾರನೇ ಇಲ್ಲ ಅಂದಮೇಲೆ ಆ ಪರೀಕ್ಷೆ ನಡೆದೇ ಇಲ್ಲ. ಇದೆ ಅಂತಲೂ ಅಲ್ಲ. ಇಲ್ಲ ಅಂತಲೂ ಅಲ್ಲ. 'ಟಿ' ಹತ್ತಿರ ಗೆರೆ ಇದ್ದರೂ ಅದನ್ನ ನಂಬಬಾರದು. ಪೊಟ್ಟಣ ಕೆಟ್ಟಿರಬಹುದು. ರಕ್ತ ಸಾಲದೆ ಇರಬಹುದು. ಮತ್ತೆ ಹಣ ಹಾಕಿ ಇನ್ನೊಂದು ಪೊಟ್ಟಣ ಯಾಕೆ? ನೇರ ಆಸ್ಪತ್ರೆಗೆ ಬನ್ನಿ.

'ಸಿ' ಹತ್ತಿರ ಮಾತ್ರ ಗೆರೆ ಬಂದರೆ

ಪರೀಕ್ಷೆ ನಡೆದಿದೆ. ಸೋಂಕು ಕಂಡುಬಂದಿಲ್ಲ. ಒಳ್ಳೇದು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನನಗೆ ಸೋಂಕು ತಗುಲಿರಬಹುದು ಅನ್ನೋ ದಿನದಿಂದ ಇವತ್ತಿಗೆ ಎಷ್ಟು ದಿನ ಆಯಿತು?

ಯಾಕೆ ಕೇಳಬೇಕು? ಬೀಜ ಬಿತ್ತಿದ ಮಾರನೆಯ ದಿನ ಮೊಳಕೆ ಕಾಣುತ್ತಾ? ಕಾಣಲ್ಲ. ಇದೂ ಹಾಗೇ. ರೋಗಾಣು ದೇಹ ಹೊಕ್ಕ ಮೇಲೆ ಪರೀಕ್ಷೆಯಲ್ಲಿ ಕಾಣೋಕೆ ವಾರಗಳು ಬೇಕು. ಮೂರು ತಿಂಗಳು ತುಂಬುವ ಮೊದಲು ಮಾಡಿಕೊಂಡ ಪರೀಕ್ಷೆಯನ್ನ ಪೂರ್ತಿ ನಂಬೋ ಹಾಗಿಲ್ಲ. ಮೂರು ತಿಂಗಳು ಆದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಗಂಡ ಹೆಂಡತಿ ಸೇರಬಾರದು.

ಒಬ್ಬರು ಪರೀಕ್ಷೆ ಮಾಡಿಕೊಂಡರೆ ಆ ಫಲ ಅವರೊಬ್ಬರಿಗೇ. ಹೆಂಡತಿಗೆ ಇಲ್ಲ ಅಂತ ಬಂದರೆ ಗಂಡನಿಗೂ ಇಲ್ಲ ಅಂತ ಅಲ್ಲ. ಗಂಡನಿಗೆ ಇಲ್ಲ ಅಂತ ಬಂದರೆ ಹೆಂಡತಿಗೂ ಇಲ್ಲ ಅಂತ ಅಲ್ಲ. ಇಬ್ಬರೂ ಮಾಡಿಸಬೇಕು.

ಒಂದು ತುರ್ತಿನ ಮಾತು ಇದೆ. ಯಾರೋ ಬಲಾತ್ಕಾರ ಮಾಡಿದರು. ಅಥವಾ ಸೋಂಕು ಇರುವವರ ಜೊತೆ ಸೇರುವಾಗ ಕಾಂಡೋಮ್ ಹರಿದುಹೋಯಿತು. ಆಗ ಮೂರು ತಿಂಗಳು ಕಾಯುತ್ತಾ ಕೂರಬೇಡಿ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಓಡಿ. 72 ಗಂಟೆಯ ಒಳಗೆ, ಅಂದರೆ ಮೂರು ದಿನದ ಒಳಗೆ ಮಾತ್ರೆ ಶುರು ಮಾಡಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೇದು. 28 ದಿನ ತಪ್ಪದೆ ತಗೊಂಡರೆ ಸೋಂಕು ತಗುಲದ ಹಾಗೆ ತಡೆಯಬಹುದು.

ಇನ್ನೊಂದು ಎಚ್ಚರಿಕೆ. ಈಗಾಗಲೇ ಎಚ್.ಐ.ವಿ. ಮಾತ್ರೆ ತಗೊಳ್ತಾ ಇರುವವರು ಮನೆಯಲ್ಲಿ ಈ ಪರೀಕ್ಷೆ ಮಾಡಿಕೊಳ್ಳಬಾರದು. ಮಾತ್ರೆಯಿಂದಾಗಿ ಕೆಲವೊಮ್ಮೆ ಒಂದೇ ಗೆರೆ ಬರಬಹುದು. "ನನಗೆ ವಾಸಿ ಆಯಿತು" ಅಂತ ಮಾತ್ರೆ ಬಿಟ್ಟರೆ ರೋಗಾಣು ಮತ್ತೆ ಹೆಚ್ಚುತ್ತೆ.

ಎರಡೂ ಕಡೆ ಗೆರೆ ಬಂದರೆ

ಈಗ ಮುಖ್ಯ ಮಾತಿಗೆ ಬಂದೆ. 'ಸಿ' ಹತ್ತಿರ ಒಂದು. 'ಟಿ' ಹತ್ತಿರ ಒಂದು. 'ಟಿ' ಗೆರೆ ತೆಳ್ಳಗೆ, ಮಸುಕಾಗಿ ಇದ್ದರೂ ಅದನ್ನ ಗೆರೆ ಅಂತಲೇ ತಿಳೀಬೇಕು.

ಇದರ ಅರ್ಥ ಏನು? ಸೋಂಕು ಇರಬಹುದು. 'ಇರಬಹುದು' ಅನ್ನೋ ಮಾತನ್ನ ಗಮನಿಸಿ. ಖಚಿತ ಆಗಬೇಕಾದರೆ ಆಸ್ಪತ್ರೆಯ ಪರೀಕ್ಷೆ ಆಗಬೇಕು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ಆದರೆ ಇದು ಜೀವದ ಪ್ರಶ್ನೆ. ಒಂದು ಪರೀಕ್ಷೆ ಸಾಲದು. ಅದಕ್ಕೇ ಸರ್ಕಾರಿ ಕೇಂದ್ರದಲ್ಲಿ ಮೂರು ಬೇರೆ ಬೇರೆ ಬಗೆಯ ಪರೀಕ್ಷೆ ಮಾಡ್ತಾರೆ. ಮೂರರಲ್ಲೂ ಇದೆ ಅಂತ ಬಂದರೆ ಮಾತ್ರ ಸೋಂಕು ಇದೆ ಅಂತ ಹೇಳ್ತಾರೆ.

ಆ ಗಳಿಗೆಯಲ್ಲಿ ಕೈಕಾಲು ನಡುಗುತ್ತೆ. ನೆಲ ಕುಸಿದ ಹಾಗೆ ಆಗುತ್ತೆ. ಆಗ ಒಬ್ಬರೇ ಇರಬೇಡಿ. ನಂಬಿಕೆ ಇರುವ ಒಬ್ಬರಿಗೆ ಹೇಳಿ. ಅಕ್ಕ ಆಗಲಿ, ತಾಯಿ ಆಗಲಿ, ಆಶಾ ಆಗಲಿ. ಯಾರೂ ಇಲ್ಲ ಅನಿಸಿದರೆ ಫೋನ್ ಇದೆ. 1097 ಅನ್ನೋ ಸಂಖ್ಯೆ ಒತ್ತಿ. ಇದು ಎಚ್.ಐ.ವಿ. ಬಗ್ಗೆ ಹೇಳೋಕೆ ಇರುವ ಸರ್ಕಾರದ ಉಚಿತ ಫೋನ್. ಸಾಯಬೇಕು ಅನ್ನೋ ಯೋಚನೆ ಬಂದರೆ 14416 ಒತ್ತಿ. ಅದು ಮನಸ್ಸಿನ ನೋವಿಗೆ ಇರುವ ಫೋನ್. 'ಟೆಲಿ ಮಾನಸ್' ಅಂತಾರೆ. ಅದೂ ಉಚಿತ. ಈ ಎರಡು ಸಂಖ್ಯೆಯನ್ನ ಈಗಲೇ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಎಲ್ಲಿಗೆ ಹೋಗಬೇಕು?

ತಾಲೂಕು ಆಸ್ಪತ್ರೆಗೆ ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿ 'ಐ.ಸಿ.ಟಿ.ಸಿ.' ಅಂತ ಒಂದು ಕೋಣೆ ಇರುತ್ತೆ. ಅದು ಆಪ್ತ ಸಲಹೆ ಮತ್ತು ಪರೀಕ್ಷೆಯ ಕೇಂದ್ರ. ಬಾಗಿಲ ಮೇಲೆ ಬೋರ್ಡು ಇರುತ್ತೆ. ಬಸ್ಸಿನ ಬೋರ್ಡು ಓದುವ ನೀವು ಈ ಬೋರ್ಡನ್ನೂ ಓದಬಲ್ಲಿರಿ. ಗೊತ್ತಾಗದಿದ್ದರೆ ಯಾವುದಾದರೂ ನರ್ಸ್ ಹತ್ತಿರ ಮೆಲ್ಲಗೆ ಕೇಳಿ.

ಅಲ್ಲಿ ಆಪ್ತ ಸಲಹೆಗಾರರು ಇರ್ತಾರೆ. ಬಾಗಿಲು ಹಾಕಿ ಮಾತಾಡ್ತಾರೆ. ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯ ವಿಷಯ ಮುಚ್ಚಿಡದೆ ಹೇಳಿ. ಅವರು ನಿಮ್ಮ ಒಪ್ಪಿಗೆ ಕೇಳ್ತಾರೆ. ಒಪ್ಪಿದ ಮೇಲೆ ರಕ್ತ ತೆಗೀತಾರೆ. ಫಲವನ್ನ ನಿಮ್ಮ ಕೈಗೇ ಕೊಟ್ಟು, ನಿಮಗೇ ಹೇಳ್ತಾರೆ. ಇದಕ್ಕೆ ಹಣ ಕೊಡಬೇಕಿಲ್ಲ.

ನಮ್ಮ ಹೆಣ್ಣುಮಗಳ ಜೊತೆ ನಾನೇ ಹೋದೆ. ಬಸ್ಸಿನಲ್ಲಿ ಅವಳು ನನ್ನ ಸೆರಗು ಹಿಡಿದುಕೊಂಡು ಕೂತಿದ್ದಳು. ಮೂರು ಪರೀಕ್ಷೆ ಆಯಿತು. ಮೂರರಲ್ಲೂ ಸೋಂಕು ಇದೆ ಅಂತಲೇ ಬಂತು.

ನಾನು ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ಸೋಂಕು ಇತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಮಾತ್ರೆಯ ಮಾತು

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಕಂಡದ್ದು 1986ರಲ್ಲಿ, ಚೆನ್ನೈನಲ್ಲಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಕಾಯಿಲೆಯ ಹೆಸರು ಕೇಳಿದರೇ ಜನ ನಡುಗುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಹಾಸಿಗೆಯನ್ನ ಹೊರಗಿನ ಜಗಲಿಗೆ ಹಾಕಿದ್ದರು. ಊಟದ ತಟ್ಟೆಯನ್ನ ದೂರದಿಂದ ತಳ್ಳುತ್ತಿದ್ದರು. ನಾನೂ ಅವತ್ತು ಹತ್ತಿರ ಹೋಗಲಿಲ್ಲ. ನನಗೂ ತಿಳಿವಳಿಕೆ ಇರಲಿಲ್ಲ. ಅದನ್ನ ನೆನೆದರೆ ಈಗಲೂ ನಾಚಿಕೆ ಆಗುತ್ತೆ.

ಆ ಕಾಲ ಹೋಯಿತು. 2004ರಿಂದ ನಮ್ಮ ಸರ್ಕಾರ ಇದಕ್ಕೆ ಉಚಿತವಾಗಿ ಔಷಧ ಕೊಡ್ತಿದೆ. ಮೊದಲು ಕಾಯಿಲೆ ಜಾಸ್ತಿ ಆದವರಿಗೆ ಮಾತ್ರ ಕೊಡ್ತಿದ್ದರು. 2017ರಿಂದ ಸೋಂಕು ಖಚಿತ ಆದ ಎಲ್ಲರಿಗೂ ಕೊಡ್ತಾರೆ. ಕಾಯುವ ಹಾಗಿಲ್ಲ.

ಎಚ್.ಐ.ವಿ. ಅನ್ನೋದು ರೋಗಾಣುವಿನ ಹೆಸರು. ನಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಕಣಗಳು ಇವೆ. ಅವು ನಮ್ಮ ಊರ ಕಾವಲುಗಾರರು. ಎಚ್.ಐ.ವಿ. ಅವರನ್ನೇ ಕೊಲ್ಲುತ್ತೆ. ಕಾವಲು ಇಲ್ಲದ ಊರಿಗೆ ಕಳ್ಳರು ನುಗ್ಗಿದ ಹಾಗೆ ಬೇರೆ ರೋಗಗಳು ನುಗ್ಗುತ್ತವೆ. ಆ ಸ್ಥಿತಿಗೆ ಏಡ್ಸ್ ಅಂತಾರೆ. ಸೋಂಕು ತಗುಲಿದವರಿಗೆಲ್ಲ ಏಡ್ಸ್ ಇದೆ ಅಂತ ಅಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡರೆ ಏಡ್ಸ್ ಬರದ ಹಾಗೆ ತಡೆಯಬಹುದು.

ಮಾತ್ರೆ ಕೊಡುವ ಜಾಗಕ್ಕೆ 'ಎ.ಆರ್.ಟಿ. ಕೇಂದ್ರ' ಅಂತ ಹೆಸರು. ಅಲ್ಲಿ ರಕ್ತ ನೋಡ್ತಾರೆ. ಕ್ಷಯ ಇದೆಯಾ ಅಂತ ನೋಡ್ತಾರೆ. ಆಮೇಲೆ ಮಾತ್ರೆ ಶುರು ಮಾಡ್ತಾರೆ. ಸಾಮಾನ್ಯವಾಗಿ ದಿನಕ್ಕೆ ಒಂದೇ ಮಾತ್ರೆ. ಮೂರು ಔಷಧ ಸೇರಿಸಿ ಮಾಡಿದ ಒಂದು ಮಾತ್ರೆ. ದಿನಾ ಒಂದೇ ಹೊತ್ತಿಗೆ ತಗೋಬೇಕು. ಜೀವ ಇರುವವರೆಗೂ ತಗೋಬೇಕು.

ಮೊದಮೊದಲು ಕೆಲವರಿಗೆ ವಾಕರಿಕೆ ಬರಬಹುದು. ನಿದ್ದೆ ಕೆಡಬಹುದು. ಅದನ್ನ ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಆರು ತಿಂಗಳಾದ ಮೇಲೆ ರಕ್ತದಲ್ಲಿ ರೋಗಾಣು ಎಷ್ಟಿದೆ ಅಂತ ಅಳೀತಾರೆ. ತಪ್ಪದೆ ಮಾತ್ರೆ ತಗೊಂಡವರಲ್ಲಿ ಅದು ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗುತ್ತೆ. ಹಾಗೆ ಕಡಿಮೆ ಆಗಿ, ಹಾಗೇ ಉಳಿದರೆ, ಗಂಡ ಹೆಂಡತಿ ಸೇರಿದಾಗ ಒಬ್ಬರಿಂದ ಒಬ್ಬರಿಗೆ ಸೋಂಕು ಹರಡಲ್ಲ. ಇದು ದೊಡ್ಡ ದೊಡ್ಡ ಅಧ್ಯಯನಗಳಿಂದ ಗೊತ್ತಾದ ಸತ್ಯ. ಆದರೆ ಡಾಕ್ಟರು ಹೇಳುವವರೆಗೂ ಕಾಂಡೋಮ್ ಬಿಡಬಾರದು.

"ಪೂರ್ತಿ ವಾಸಿ ಮಾಡ್ತೀವಿ, ಇಷ್ಟು ಸಾವಿರ ಕೊಡಿ" ಅಂತ ಹೇಳುವವರು ಬರ್ತಾರೆ. ಬೇರು ಕೊಡ್ತಾರೆ, ಪುಡಿ ಕೊಡ್ತಾರೆ. ನಂಬಿ ಒಡವೆ ಅಡ ಇಡಬೇಡಿ. ಮಾತ್ರೆಯಿಂದ ರೋಗಾಣು ಅಡಗಿ ಕೂರುತ್ತೆ. ಬೇರು ಸಮೇತ ಹೋಗಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ ತಗೊಂಡು ಬಾಳಲ್ವಾ? ಇದೂ ಹಾಗೇ.

ತಟ್ಟೆ ಬೇರೆ ಮಾಡಬೇಡಿ

ಆ ಹೆಣ್ಣುಮಗಳು ತಟ್ಟೆ ಬೇರೆ ಮಾಡಿಕೊಂಡಿದ್ದಳು, ಅಲ್ವಾ? ಮಗುವನ್ನ ದೂರ ಇಟ್ಟಿದ್ದಳು. ಅದು ಬೇಕಿರಲಿಲ್ಲ.

ಒಂದೇ ತಟ್ಟೆಯಲ್ಲಿ ಉಂಡರೆ ಎಚ್.ಐ.ವಿ. ಬರಲ್ಲ. ಒಂದೇ ಬಿಂದಿಗೆ ನೀರು ಕುಡಿದರೆ ಬರಲ್ಲ. ಒಂದೇ ಶೌಚಾಲಯ ಬಳಸಿದರೆ ಬರಲ್ಲ. ಸೊಳ್ಳೆ ಕಚ್ಚಿದರೆ ಬರಲ್ಲ. ಮುಟ್ಟಿದರೆ, ತಬ್ಬಿದರೆ, ಮುದ್ದಾಡಿದರೆ ಬರಲ್ಲ.

ಹಾಗಾದರೆ ಹೇಗೆ ಬರುತ್ತೆ? ಕಾಂಡೋಮ್ ಇಲ್ಲದೆ ಸೋಂಕು ಇರುವವರ ಜೊತೆ ಸೇರಿದರೆ ಬರಬಹುದು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಬರಬಹುದು. ಪರೀಕ್ಷೆ ಮಾಡದ ರಕ್ತ ಕೊಟ್ಟರೆ ಬರಬಹುದು. ಸೋಂಕು ಇರುವ ತಾಯಿಯಿಂದ ಮಗುವಿಗೆ ಹೊಟ್ಟೆಯಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ಬರಬಹುದು.

ಬಸುರಿ ಹೆಣ್ಣುಮಕ್ಕಳು ಕೇಳಿಸಿಕೊಳ್ಳಿ. ತಾಯಿ ಮಾತ್ರೆ ತಗೊಳ್ಳದೆ ಇದ್ದರೆ, ಇಂಥ 100 ತಾಯಂದಿರಲ್ಲಿ 15ರಿಂದ 45 ತಾಯಂದಿರ ಮಕ್ಕಳಿಗೆ ಸೋಂಕು ತಗುಲಬಹುದು. ತಾಯಿ ಮೊದಲಿಂದ ಮಾತ್ರೆ ತಗೊಂಡು, ಮಗುವಿಗೂ ಔಷಧ ಕೊಟ್ಟರೆ ಅದು 100ಕ್ಕೆ 5ಕ್ಕಿಂತ ಕಡಿಮೆ ಆಗುತ್ತೆ. ಅದಕ್ಕೇ ಬಸುರಿ ಆದ ಕೂಡಲೆ ಈ ಪರೀಕ್ಷೆ ಮಾಡಿಸಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹಾಲು ಕೊಡುವ ಬಗ್ಗೆ ಅಲ್ಲಿ ಕೇಳಿ ತಿಳಿಯಬೇಕು. ಮಗುವಿಗೆ ಆರು ವಾರ ಆದಾಗ ಮೊದಲ ಪರೀಕ್ಷೆ ಮಾಡ್ತಾರೆ.

ಯಾರು ತಂದರು ಅನ್ನೋ ಮಾತು

ನಮ್ಮ ಹೆಣ್ಣುಮಗಳ ಮನೆಯಲ್ಲಿ ಏನಾಯಿತು?

ಗಂಡನಿಗೆ ಹೇಳೋಕೆ ಅವಳಿಗೆ ಭಯ. ಹೊಡೆದರೆ? ಹೊರಗೆ ಹಾಕಿದರೆ? ಆಪ್ತ ಸಲಹೆಗಾರರು ಹೇಳಿದರು. "ನೀನೊಬ್ಬಳೇ ಹೇಳಬೇಡಮ್ಮ. ಅವರನ್ನ ಇಲ್ಲಿಗೆ ಕರಕೊಂಡು ಬಾ. ನಾನು ಜೊತೆಗೆ ಇರ್ತೀನಿ." ಕೆಮ್ಮಿಗೆ ತೋರಿಸೋಣ ಅಂತ ಗಂಡನನ್ನ ಕರೆದಳು. ಬಂದ. ವಿಷಯ ತಿಳಿದ ಮೇಲೆ ಅವನೂ ಒಪ್ಪಿ ಪರೀಕ್ಷೆ ಮಾಡಿಸಿದ. ಅವನಿಗೂ ಎಚ್.ಐ.ವಿ. ಇತ್ತು. ಜೊತೆಗೆ ಕ್ಷಯವೂ ಇತ್ತು. ಎರಡಕ್ಕೂ ಉಚಿತ ಔಷಧ ಶುರು ಆಯಿತು. ಮಗುವಿಗೂ ಪರೀಕ್ಷೆ ಆಯಿತು. ದೇವರ ದಯೆ, ಮಗುವಿಗೆ ಇರಲಿಲ್ಲ.

ಆದರೆ ಅತ್ತೆಗೆ ಗೊತ್ತಾಯಿತು. ಅತ್ತೆ ಅಂದಳು. "ಮೊದಲು ಇವಳಿಗೆ ಬಂತು. ಇವಳೇ ತಂದಳು. ನನ್ನ ಮಗನಿಗೆ ಅಂಟಿಸಿದಳು."

ತಾಯಂದಿರೇ, ಈ ಮಾತನ್ನ ಚೆನ್ನಾಗಿ ತಿಳಿದುಕೊಳ್ಳಿ. ಯಾರಿಗೆ ಮೊದಲು ಪರೀಕ್ಷೆ ಆಯಿತೋ ಅವರೇ ತಂದರು ಅಂತ ಅಲ್ಲ. ಯಾರಿಂದ ಯಾರಿಗೆ ಬಂತು ಅಂತ ಆ ಗೆರೆ ಹೇಳಲ್ಲ. ಯಾವತ್ತು ಬಂತು ಅಂತಲೂ ಹೇಳಲ್ಲ. ಹೆಂಗಸರಿಗೆ ಬಸುರಿ ಆದಾಗ ಪರೀಕ್ಷೆ ಆಗುತ್ತೆ. ಆದ್ದರಿಂದ ಎಷ್ಟೋ ಮನೆಯಲ್ಲಿ ಮೊದಲು ಗೊತ್ತಾಗೋದು ಹೆಂಡತಿಗೆ. ಅಷ್ಟಕ್ಕೇ ಅವಳ ಮೇಲೆ ಅಪವಾದ ಹೊರಿಸೋದು ನ್ಯಾಯವಾ? ಬೆಂಕಿ ಬಿದ್ದಾಗ ಮೊದಲು ಕೂಗಿದವರೇ ಬೆಂಕಿ ಇಟ್ಟರು ಅನ್ನೋಕೆ ಆಗುತ್ತಾ?

ಯಾರು ತಂದರು ಅಂತ ಜಗಳ ಆಡೋದರಲ್ಲಿ ದಿನ ಕಳೆಯಬೇಡಿ. ಇಬ್ಬರೂ ಮಾತ್ರೆ ತಗೊಂಡು ಮಕ್ಕಳನ್ನ ಸಾಕೋದು ಮುಖ್ಯ.

ಕಾನೂನು ನಿಮ್ಮ ಕಡೆ ಇದೆ

ಈ ವಿಷಯಕ್ಕೆ ಒಂದು ಕಾನೂನು ಇದೆ. 2017ರಲ್ಲಿ ಆದ ಕಾನೂನು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದು ಏನು ಹೇಳುತ್ತೆ?

ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡಬಾರದು. ಪೊಟ್ಟಣ ತಂದು "ಮಾಡಿಕೋ" ಅಂತ ಸೊಸೆಗೆ ಒತ್ತಾಯ ಮಾಡೋದೂ ತಪ್ಪೇ.

ಸೋಂಕು ಇದೆ ಅಂತ ಕೆಲಸದಿಂದ ತೆಗೆಯಬಾರದು. ಮಕ್ಕಳನ್ನ ಶಾಲೆಯಿಂದ ಹೊರಗೆ ಹಾಕಬಾರದು. ಆಸ್ಪತ್ರೆಯಲ್ಲಿ ಚಿಕಿತ್ಸೆ ಇಲ್ಲ ಅನ್ನಬಾರದು.

ಸೋಂಕು ಇರುವ ಹೆಣ್ಣುಮಗಳನ್ನ ಗಂಡನ ಮನೆಯಿಂದ ಹೊರಗೆ ಹಾಕಬಾರದು. ಆ ಮನೆಯಲ್ಲಿ ಬಾಳುವ ಹಕ್ಕು ಅವಳಿಗಿದೆ. ಹೊಡೆತ, ಬಡಿತ ಆದರೆ 181ಕ್ಕೆ ಫೋನ್ ಮಾಡಬಹುದು. ಅದು ಹೆಂಗಸರ ಸಹಾಯದ ಫೋನ್.

ಮತ್ತೆ, ಒಬ್ಬರ ಸೋಂಕಿನ ವಿಷಯವನ್ನ ಆಸ್ಪತ್ರೆಯವರು ಬೀದಿಗೆ ತರುವ ಹಾಗಿಲ್ಲ. ಅದು ಗುಟ್ಟಾಗಿ ಇರಬೇಕು.

ಈಗ ಗೊತ್ತಾಯಿತಾ, ನಾನು ಅವಳ ಹೆಸರು ಯಾಕೆ ಹೇಳಲಿಲ್ಲ ಅಂತ? ನಾನು ಹೆಸರು ಹೇಳಿದರೆ ನಾಳೆ ಅವಳ ಮನೆ ಮುಂದೆ ಜನ ಬೊಟ್ಟು ಮಾಡ್ತಾರೆ. ಆಮೇಲೆ ಇನ್ನೊಬ್ಬಳು ನನ್ನ ಹತ್ತಿರ ಬರೋಕೆ ಹೆದರ್ತಾಳೆ. ಎರಡು ಗೆರೆ ಬಂದ ಪಟ್ಟಿಯನ್ನ ಅಕ್ಕಿ ಡಬ್ಬದ ಹಿಂದೆ ಬಚ್ಚಿಡ್ತಾಳೆ. ಬಾವಿಕಟ್ಟೆಗೆ ಹೋಗ್ತಾಳೆ. ನಮ್ಮ ಬಾಯಿ ಗಟ್ಟಿ ಇದ್ದರೆ ಅಷ್ಟು ಜನ ಉಳೀತಾರೆ. ನಿಮ್ಮ ಹತ್ತಿರ ಯಾರಾದರೂ ಗುಟ್ಟು ಹೇಳಿಕೊಂಡರೆ ಅದು ನಿಮ್ಮ ಹೊಟ್ಟೆಯಲ್ಲೇ ಇರಲಿ.

ಈಗ ಅವಳು ಹೇಗಿದ್ದಾಳೆ?

ಹೋದ ತಿಂಗಳು ಸಂತೆಯಲ್ಲಿ ಸಿಕ್ಕಿದಳು. ಮೈ ಕೈ ತುಂಬಿಕೊಂಡಿದ್ದಾಳೆ. ಸಂಘದಿಂದ ಸಾಲ ತಗೊಂಡು ಒಂದು ಹಸು ಕಟ್ಟಿದ್ದಾಳೆ. ರೋಗಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆ ಆಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಗಂಡನ ಕ್ಷಯ ವಾಸಿಯಾಗಿದೆ. ಅವನೂ ದಿನಾ ಮಾತ್ರೆ ತಗೊಳ್ತಾನೆ. ಅತ್ತೆ ಈಗಲೂ ಒಂದೊಂದು ದಿನ ಕೊಂಕು ಆಡ್ತಾಳೆ. ಆದರೆ ರಾತ್ರಿ ಎಂಟು ಗಂಟೆಗೆ "ಮಾತ್ರೆ ತಗೊಂಡೆಯೇನೆ?" ಅಂತ ಕೇಳುವವಳೂ ಅತ್ತೆಯೇ.

ನಾನು ಅವಳನ್ನ ಕೇಳಿದೆ. "ನಿನ್ನ ಕಥೆಯನ್ನ ನಾಲ್ಕು ಜನಕ್ಕೆ ಹೇಳಲಾ?" ಅವಳು ಅಂದಳು. "ಹೆಸರು ಬಿಟ್ಟು ಹೇಳಿ ಸಿಸ್ಟರ್. ಆ ನಾಲ್ಕು ದಿನ ನಾನು ಪಟ್ಟ ಪಾಡು ಬೇರೆ ಯಾರೂ ಪಡಬಾರದು."

ಅದಕ್ಕೇ ಹೇಳಿದೆ.

ನೆನಪಿಡಿ

1. ಮನೆಯ ಪರೀಕ್ಷೆ ಮೊದಲ ಹೆಜ್ಜೆ. ಕೊನೆಯ ಮಾತಲ್ಲ.
2. ಎರಡು ಗೆರೆ ಬಂದರೆ ಸರ್ಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರಕ್ಕೆ ಹೋಗಿ. ಪರೀಕ್ಷೆ ಉಚಿತ.
3. ಒಂದು ಗೆರೆ ಬಂದರೂ ಮೂರು ತಿಂಗಳ ಲೆಕ್ಕ ನೋಡಿ.
4. ಅಪಾಯ ಆದ 72 ಗಂಟೆಯ ಒಳಗೆ ಆಸ್ಪತ್ರೆಗೆ ಹೋದರೆ ತಡೆಯುವ ಮಾತ್ರೆ ಇದೆ.
5. ಸೋಂಕು ಖಚಿತ ಆದರೆ ದಿನಾ ಮಾತ್ರೆ. ಒಂದು ದಿನವೂ ತಪ್ಪಬಾರದು.
6. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿ.
7. ಯಾರ ಗುಟ್ಟನ್ನೂ ಬೀದಿಗೆ ತರಬೇಡಿ.

ಎಚ್.ಐ.ವಿ. ಸಹಾಯದ ಫೋನ್: 1097
ಮನಸ್ಸಿನ ನೋವಿಗೆ: 14416
ಹೆಂಗಸರ ಸಹಾಯಕ್ಕೆ: 181

ಮಾತಾಡೋಣ

1. ಆ ಹೆಣ್ಣುಮಗಳು ಪಟ್ಟಿಯನ್ನ ಯಾಕೆ ಬಚ್ಚಿಟ್ಟಳು? ನಮ್ಮ ಊರಿನಲ್ಲಿ ಆಗಿದ್ದರೆ ಯಾರ ಹತ್ತಿರ ಹೋಗಬಹುದಿತ್ತು?
2. ಆಶಾ ಕಾರ್ಯಕರ್ತೆ ಸುಮ್ಮನೆ ಹೋಗಿದ್ದರೆ ಏನಾಗುತ್ತಿತ್ತು?
3. ಅತ್ತೆ ಆಡಿದ ಮಾತು ಸರಿಯೇ? ನೀವಾಗಿದ್ದರೆ ಅತ್ತೆಗೆ ಏನು ಹೇಳುತ್ತಿದ್ದಿರಿ?
4. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಐ.ಸಿ.ಟಿ.ಸಿ. ಕೋಣೆ ಎಲ್ಲಿದೆ? ಹೋದವರು ನೋಡಿ ಬಂದು ಎಲ್ಲರಿಗೂ ಹೇಳಿ.